ಎಸ್‌ಕ್ಯೂಲೈಟ್ ನಿಧಾನವಾದಾಗ: ಫೈಲ್ ತರಿಸುವುದರಿಂದ ರಿಪೋರ್ಟ್ ಸರಿಹೋಗುವವರೆಗೆ

ದಾಸ್ತಾನು ಲೆಕ್ಕ ಇಡುವ ಒಂದು ಅಪ್ಲಿಕೇಶನ್‌ನ ಡೇಟಾಬೇಸ್ ಸರಿಮಾಡುವ ಕೆಲಸ ಈಗಷ್ಟೇ ಮುಗಿಸಿದ್ದೇನೆ. ಒಳಗಿರುವುದು ಎಸ್‌ಕ್ಯೂಲೈಟ್, ಡೇಟಾವನ್ನೆಲ್ಲ ಒಂದು ಫೈಲಿನಲ್ಲಿ ಇಡುವ ಪುಟ್ಟ ಡೇಟಾಬೇಸ್ ಎಂಜಿನ್. ಮೊದಮೊದಲು ಚೆನ್ನಾಗಿಯೇ ಓಡುತ್ತಿತ್ತಂತೆ. ಎಂಟ್ರಿಗಳು ಲಕ್ಷಗಳ ಲೆಕ್ಕಕ್ಕೆ ಹೋದ ಮೇಲೆ ತಿಂಗಳ ರಿಪೋರ್ಟ್ ತೆರೆಯುವುದೇ ಕಷ್ಟವಾಯಿತು. ಜೊತೆಗೆ ಆಗಾಗ ‘ಡೇಟಾಬೇಸ್ ಈಸ್ ಲಾಕ್ಡ್’ ಅನ್ನುವ ಎರರ್ ಬೇರೆ. ಬಳಸುವವರು ರೋಸಿಹೋಗಿದ್ದರು.

‘ಎಸ್‌ಕ್ಯೂಲೈಟ್ ಚಿಕ್ಕಪುಟ್ಟ ಕೆಲಸಕ್ಕೆ ಮಾತ್ರ, ದೊಡ್ಡ ಡೇಟಾಬೇಸ್‌ಗೆ ಬದಲಾಯಿಸಿಬಿಡಿ’ ಅಂದವರೇ ಜಾಸ್ತಿ. ನನಗೆ ಅದು ಒಪ್ಪಿಗೆಯಾಗಲಿಲ್ಲ. 2000ನೇ ಇಸವಿಯಲ್ಲಿ ರಿಚರ್ಡ್ ಹಿಪ್ ಶುರು ಮಾಡಿದ ಈ ಪುಟ್ಟ ಎಂಜಿನ್ ಇವತ್ತು ಆಂಡ್ರಾಯ್ಡ್ ಫೋನಿನಲ್ಲಿದೆ, ಐಫೋನಿನಲ್ಲಿದೆ, ಬ್ರೌಸರ್‌ಗಳ ಒಳಗೂ ಇದೆ. ಕೆಲವು ಲಕ್ಷ ಸಾಲು ಅದಕ್ಕೆ ಭಾರವಲ್ಲ. ನಿಧಾನಕ್ಕೆ ಬೇರೆ ಕಾರಣ ಇರಲೇಬೇಕು. ಆ ಕಾರಣವನ್ನು ಊಹಿಸುತ್ತಾ ಕೂರುವ ಬದಲು ಡೇಟಾಬೇಸನ್ನೇ ಕೇಳೋಣ ಅಂತ ಹೊರಟೆ. ಇದೇ ತೊಂದರೆಯಲ್ಲಿ ಇರುವವರಿಗೆ ಹುಡುಕಾಟ ಕಡಿಮೆಯಾಗಲಿ ಅಂತ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಮೊದಲು ಕಾದದ್ದು ಫೈಲಿಗಾಗಿ. ಸ್ಯಾಂಪಲ್ ಡೇಟಾ ಹಾಕಿಕೊಂಡು ಪರೀಕ್ಷೆ ಮಾಡಿದರೆ ಪ್ರಯೋಜನವಿಲ್ಲ. ನೂರು ಸಾಲಿನ ಟೇಬಲ್‌ನಲ್ಲಿ ಎಂಥ ಕ್ವೆರಿಯೂ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ಓಡುತ್ತದೆ. ನಿಜವಾದ ಫೈಲೇ ಬೇಕು. ಅದಕ್ಕೆ ಅನುಮತಿ ಕೇಳಬೇಕು, ಒಳಗಿರುವ ಹೆಸರು, ಫೋನ್ ನಂಬರ್ ಅಳಿಸಬೇಕು. ಇದಕ್ಕೇ ಸಾಕಷ್ಟು ದಿನ ಹಿಡಿಯಿತು. ಕೊನೆಗೂ ಬಂದ ಫೈಲ್ ತೆರೆದರೆ ಇತ್ತೀಚಿನ ಎಂಟ್ರಿಗಳೇ ಕಾಣಿಸಲಿಲ್ಲ. ಡೇಟಾ ಹಾಳಾಗಿದೆಯೇನೋ ಅಂತ ಎದೆ ಧಸಕ್ ಅಂದಿತು.

ಹಾಳಾಗಿರಲಿಲ್ಲ. ಆ ಡೇಟಾಬೇಸ್ ವಾಲ್ (ರೈಟ್-ಅಹೆಡ್ ಲಾಗ್) ಮೋಡ್‌ನಲ್ಲಿತ್ತು. ಈ ಮೋಡ್‌ನಲ್ಲಿ ಹೊಸ ಬದಲಾವಣೆಗಳು ಮೊದಲು ಪಕ್ಕದ ‘-ವಾಲ್’ ಫೈಲಿಗೆ ಹೋಗುತ್ತವೆ. ಆಮೇಲೆ ಚೆಕ್‌ಪಾಯಿಂಟ್ ಆದಾಗ ಮುಖ್ಯ ಫೈಲಿಗೆ ಸೇರುತ್ತವೆ. ಅಪ್ಲಿಕೇಶನ್ ಓಡುತ್ತಿರುವಾಗಲೇ ಮುಖ್ಯ ಫೈಲ್ ಒಂದನ್ನೇ ಕಾಪಿ ಮಾಡಿ ಕಳಿಸಿದ್ದರಿಂದ ವಾಲ್‌ನಲ್ಲಿದ್ದದ್ದು ಅಲ್ಲೇ ಉಳಿದಿತ್ತು. ನೀವು ಫೈಲ್ ತರಿಸುವುದಾದರೆ ದಯವಿಟ್ಟು ಮೊದಲೇ ಹೇಳಿಬಿಡಿ: ಸುಮ್ನೆ ಕಾಪಿ-ಪೇಸ್ಟ್ ಬೇಡ. ಕಮಾಂಡ್ ಲೈನ್‌ನಲ್ಲಿ ‘.ಬ್ಯಾಕಪ್’ ಕೊಡಿ, ಇಲ್ಲವೇ ‘ವ್ಯಾಕ್ಯೂಮ್ ಇನ್‌ಟು’ ಬಳಸಿ (2019ರ 3.27 ಆವೃತ್ತಿಯಿಂದ ಇದೆ). ಎರಡೂ ಓಡುತ್ತಿರುವ ಡೇಟಾಬೇಸ್‌ನಿಂದಲೇ ಪೂರ್ತಿ ಪ್ರತಿ ತೆಗೆದುಕೊಡುತ್ತವೆ. ಜಾಗ ಉಳಿಸಲು ‘-ವಾಲ್’ ಫೈಲನ್ನು ಕೈಯಾರೆ ಅಳಿಸುವ ಕೆಲಸಕ್ಕಂತೂ ಯಾರೂ ಹೋಗಬೇಡಿ. ಅದು ಕಸವಲ್ಲ, ನಿಮ್ಮದೇ ಡೇಟಾ.

ಸರಿಯಾದ ಪ್ರತಿ ಬಂದ ಮೇಲೆ ಎದುರಾದದ್ದು ಇನ್ನೊಂದು ಸಮಸ್ಯೆ. ನನ್ನ ಕಂಪ್ಯೂಟರ್‌ನಲ್ಲಿ ರಿಪೋರ್ಟ್ ಅಲ್ಲಿಗಿಂತ ತುಂಬಾ ಬೇಗ ತೆರೆಯುತ್ತಿತ್ತು. ಅಲ್ಲಿ ಅದು ಓಡುವುದು ಮೆಮೊರಿ ಕಾರ್ಡ್ ಹಾಕಿದ ಪುಟ್ಟ ಯಂತ್ರದಲ್ಲಿ. ನನ್ನದರಲ್ಲಿ ಎಸ್‌ಎಸ್‌ಡಿ ಇದೆ. ಒಮ್ಮೆ ಓದಿದ ಫೈಲ್ ಆಪರೇಟಿಂಗ್ ಸಿಸ್ಟಂನ ಕ್ಯಾಶ್‌ನಲ್ಲೇ ಕೂತಿರುತ್ತದೆ. ಅದು ಗೊತ್ತಿದ್ದದ್ದೇ. ಗೊತ್ತಾಗದೆ ಉಳಿದಿದ್ದು ಆವೃತ್ತಿ. ಕಮಾಂಡ್ ಲೈನ್ ಎಸ್‌ಕ್ಯೂಲೈಟ್ ಬೇರೆ, ಅಪ್ಲಿಕೇಶನ್ ಒಳಗೆ ಸೇರಿಕೊಂಡಿರುವ ಲೈಬ್ರರಿ ಬೇರೆ. ಎರಡರ ಕ್ವೆರಿ ಪ್ಲ್ಯಾನರ್ (ಕ್ವೆರಿಯನ್ನು ಹೇಗೆ ಓಡಿಸಬೇಕು ಅಂತ ನಿರ್ಧರಿಸುವ ಭಾಗ) ಒಂದೇ ತೀರ್ಮಾನಕ್ಕೆ ಬರಬೇಕು ಅಂತೇನಿಲ್ಲ. ಅಪ್ಲಿಕೇಶನ್ ಒಳಗಿನಿಂದಲೇ ‘ಸೆಲೆಕ್ಟ್ ಎಸ್‌ಕ್ಯೂಲೈಟ್_ವರ್ಷನ್()’ ಓಡಿಸಿ ನೋಡಿದರೆ ಅಲ್ಲಿರುವುದು ತುಂಬಾ ಹಳೆಯದು. ಅದೇ ಆವೃತ್ತಿಯ ಕಮಾಂಡ್ ಲೈನ್ ಹುಡುಕಿ ತಂದುಕೊಂಡೆ. ಯಾರನ್ನಾದರೂ ಸಹಾಯ ಕೇಳುವಾಗಲೂ ಈ ಆವೃತ್ತಿ, ಟೇಬಲ್‌ಗಳ ಸ್ಕೀಮಾ (ಯಾವ ಕಾಲಂ, ಯಾವ ಟೈಪ್ ಅನ್ನುವ ವಿವರ), ಕ್ವೆರಿ, ಅದರ ಪ್ಲ್ಯಾನ್, ಈ ನಾಲ್ಕನ್ನೂ ಕೊಡಿ. ಇವಿಲ್ಲದೆ ‘ಸ್ಲೋ ಆಗಿದೆ’ ಅಂದರೆ ಯಾರು ಏನು ಹೇಳಿಯಾರು?

ಆಮೇಲೆ ಅಪ್ಲಿಕೇಶನ್‌ನಲ್ಲಿ ಪ್ರತಿ ಕ್ವೆರಿಗೂ ಹಿಡಿದ ಸಮಯ ಲಾಗ್ ಆಗುವ ಹಾಗೆ ಮಾಡಿ ಅಲ್ಲೇ ಕೆಲವು ದಿನ ಓಡಲು ಬಿಟ್ಟೆವು. ಸುಮ್ಮನೆ ಕಾಯುವುದು ಬೇಜಾರಿನ ಕೆಲಸ. ಆದರೆ ಇದನ್ನು ಬಿಡಬೇಡಿ. ನಿಧಾನ ಅಂತ ಎಲ್ಲರೂ ಬೊಟ್ಟು ಮಾಡುತ್ತಿದ್ದ ಒಂದು ಪರದೆಯ ಕ್ವೆರಿಗಳು ಲಾಗ್‌ನಲ್ಲಿ ಕಾಣಿಸಲೇ ಇಲ್ಲ. ಸಮಯವೆಲ್ಲ ನುಂಗುತ್ತಿದ್ದದ್ದು ಬೆರಳೆಣಿಕೆಯ ಬೇರೆ ಕ್ವೆರಿಗಳು.

ಅವನ್ನು ಒಂದೊಂದಾಗಿ ಹಿಡಿದು ಮುಂದೆ ‘ಎಕ್ಸ್‌ಪ್ಲೇನ್ ಕ್ವೆರಿ ಪ್ಲ್ಯಾನ್’ ಸೇರಿಸಿ ಓಡಿಸಿದೆ. ಇದು ಕ್ವೆರಿಯನ್ನು ಓಡಿಸುವುದಿಲ್ಲ. ಹೇಗೆ ಓಡಿಸುತ್ತೇನೆ ಅಂತ ಮಾತ್ರ ಹೇಳುತ್ತದೆ. ‘ಸ್ಕ್ಯಾನ್’ ಅಂದರೆ ಟೇಬಲ್ ಅಥವಾ ಇಂಡೆಕ್ಸನ್ನು (ಬೇಗ ಹುಡುಕಲು ಕ್ರಮವಾಗಿ ಜೋಡಿಸಿಟ್ಟ ಪಟ್ಟಿ) ಮೊದಲಿನಿಂದ ಕೊನೆಯವರೆಗೆ ಓದುತ್ತದೆ. ‘ಸರ್ಚ್’ ಅಂದರೆ ಬೇಕಾದ ಜಾಗಕ್ಕೆ ನೇರ ಹೋಗುತ್ತದೆ. ‘ಯೂಸ್ ಟೆಂಪ್ ಬಿ-ಟ್ರೀ ಫಾರ್ ಆರ್ಡರ್ ಬೈ’ ಅಂತ ಬಂದರೆ ಸಾಲುಗಳನ್ನು ಆಯ್ದ ಮೇಲೆ ಬೇರೆಯಾಗಿ ಸಾರ್ಟ್ ಮಾಡುತ್ತಿದೆ ಅಂತ. ಕಮಾಂಡ್ ಲೈನ್‌ನಲ್ಲಿ ‘.ಟೈಮರ್ ಆನ್’, ‘.ಇಕ್ಯೂಪಿ ಆನ್’ ಎರಡನ್ನೂ ಹಾಕಿಟ್ಟುಕೊಂಡರೆ ಪ್ರತಿ ಕ್ವೆರಿಗೂ ಪ್ಲ್ಯಾನ್, ಸಮಯ ತಾನಾಗಿಯೇ ಬರುತ್ತವೆ.

ಮೊದಲನೆಯದು ಸುಲಭವಾಗಿ ಬಗೆಹರಿಯಿತು. ದಿನದ ಎಂಟ್ರಿ ತೆಗೆಯಲು ತಾರೀಖಿನ ಕಾಲಂ ಮೇಲೆ ‘ಡೇಟ್()’ ಫಂಕ್ಷನ್ ಹಾಕಿ ಹೋಲಿಸಿದ್ದರು. ಕಾಲಂ ಅನ್ನು ಫಂಕ್ಷನ್ ಒಳಗೆ ಹಾಕಿದರೆ ಅದರ ಮಾಮೂಲಿ ಇಂಡೆಕ್ಸ್ ಕೆಲಸಕ್ಕೆ ಬರುವುದಿಲ್ಲ. ಆ ದಿನದ ಆರಂಭಕ್ಕೆ ಸಮ ಅಥವಾ ಹೆಚ್ಚು, ಮರುದಿನದ ಆರಂಭಕ್ಕಿಂತ ಕಡಿಮೆ, ಹೀಗೆ ಬರೆದ ಕೂಡಲೇ ‘ಸ್ಕ್ಯಾನ್’ ಹೋಗಿ ‘ಸರ್ಚ್’ ಬಂತು. ವರ್ಷ-ತಿಂಗಳು-ದಿನ ಕ್ರಮದಲ್ಲಿ ಬರೆದ ತಾರೀಖು ಪಠ್ಯವಾಗಿದ್ದರೂ ಸರಿಯಾದ ಕ್ರಮದಲ್ಲೇ ಇರುವುದರಿಂದ ಇದು ನಡೆಯುತ್ತದೆ. ದಿನ-ತಿಂಗಳು-ವರ್ಷ ಅಂತ ಬರೆದಿಟ್ಟಿದ್ದರೆ ನಡೆಯುವುದಿಲ್ಲ.

ಎರಡನೆಯದರಲ್ಲಿ ಆಗಲೇ ‘ಸರ್ಚ್’ ಇತ್ತು, ಆದರೂ ನಿಧಾನ. ಇಲ್ಲಿ ನೋಡಬೇಕಾದ್ದು ಕಂಸದ ಒಳಗೆ. ಗೋದಾಮು ಮತ್ತು ತಾರೀಖು ಎರಡಕ್ಕೂ ಷರತ್ತು ಇದ್ದರೂ ಪ್ಲ್ಯಾನ್‌ನ ಕಂಸದಲ್ಲಿ ತಾರೀಖು ಮಾತ್ರ ಇತ್ತು. ಇಂಡೆಕ್ಸ್‌ನಲ್ಲಿ ತಾರೀಖು ಮೊದಲು, ಗೋದಾಮು ಆಮೇಲೆ ಬಂದಿದ್ದದ್ದೇ ಕಾರಣ. ಮೊದಲ ಕಾಲಂಗೆ ವ್ಯಾಪ್ತಿ ಕೇಳಿದರೆ, ಹುಡುಕುವುದಕ್ಕೆ ಮುಂದಿನ ಕಾಲಂ ನೆರವಾಗುವುದಿಲ್ಲ. ‘ಕ’ಯಿಂದ ‘ಮ’ವರೆಗಿನ ಪದಗಳಲ್ಲಿ ಎರಡನೇ ಅಕ್ಷರ ‘ರ’ ಇರುವುದನ್ನು ನಿಘಂಟಿನಲ್ಲಿ ಹುಡುಕಿದ ಹಾಗೆ. ಸಮ ಅಂತ ಹೋಲಿಸುವ ಗೋದಾಮನ್ನು ಮುಂದೆ, ವ್ಯಾಪ್ತಿ ಕೇಳುವ ತಾರೀಖನ್ನು ಹಿಂದೆ ಇಟ್ಟು ಹೊಸ ಇಂಡೆಕ್ಸ್ ಮಾಡಿದೆ. ಸಾರ್ಟ್ ಕೂಡ ತಾರೀಖಿನದೇ ಆದ್ದರಿಂದ ಟೆಂಪ್ ಬಿ-ಟ್ರೀ ಸಾಲೂ ಮಾಯವಾಯಿತು.

ಮೂರನೆಯದು, ತಿಂಗಳ ರಿಪೋರ್ಟ್. ಇದು ನನ್ನನ್ನು ನಿಜಕ್ಕೂ ಹಣ್ಣು ಮಾಡಿತು.

ಎಂಟ್ರಿ ಟೇಬಲ್‌ಗೆ ಐಟಂ ಟೇಬಲನ್ನು ಲೆಫ್ಟ್ ಜಾಯಿನ್ ಮಾಡಿ (ಎಲ್ಲ ಎಂಟ್ರಿಯನ್ನೂ ಉಳಿಸಿಕೊಂಡು ಜೋಡಿಸಿ) ಹೆಸರು ತರುವ ಕ್ವೆರಿ ಅದು. ಐಟಂ ಕೋಡ್ ಪ್ರೈಮರಿ ಕೀ (ಪ್ರತಿ ಸಾಲನ್ನು ಗುರುತಿಸುವ ಕಾಲಂ), ಅಂದರೆ ಇಂಡೆಕ್ಸ್ ಇದ್ದೇ ಇದೆ. ಆದರೂ ಪ್ಲ್ಯಾನ್‌ನ ಮೊದಲ ಸಾಲಿನಲ್ಲಿ ಎಂಟ್ರಿಗೆ ‘ಸರ್ಚ್’, ಎರಡನೆಯದರಲ್ಲಿ ಐಟಂಗೆ ‘ಸ್ಕ್ಯಾನ್’. ಇದರ ಅರ್ಥ, ಒಂದೊಂದು ಎಂಟ್ರಿಗೂ ಐಟಂ ಟೇಬಲ್ ಪೂರ್ತಿ ಓದುತ್ತಿದೆ. ತಿಂಗಳಿಗೆ 20,000 ಎಂಟ್ರಿ, ಐಟಂ 8,000. ಗುಣಿಸಿದರೆ 16 ಕೋಟಿ ಹೋಲಿಕೆ! ಇಂಡೆಕ್ಸ್ ಇದ್ದೂ ಯಾಕೆ ಮುಟ್ಟುತ್ತಿಲ್ಲ ಅನ್ನುವುದು ತಲೆಗೆ ಹೊಳೆಯಲಿಲ್ಲ. ಇಂಡೆಕ್ಸ್ ಹಾಳಾಗಿರಬಹುದು ಅಂತ ‘ಇಂಟೆಗ್ರಿಟಿ_ಚೆಕ್’ ಓಡಿಸಿದೆ. ‘ಓಕೆ’ ಅಂತ ಬಂತು. ‘ರೀಇಂಡೆಕ್ಸ್’ ಮಾಡಿದೆ. ಏನೂ ಬದಲಾಗಲಿಲ್ಲ.

ಕೊನೆಗೆ ಸ್ಕೀಮಾವನ್ನು ಅಕ್ಷರ ಅಕ್ಷರ ಓದಿದಾಗ ಸಿಕ್ಕಿತು. ಐಟಂ ಟೇಬಲ್‌ನಲ್ಲಿ ಕೋಡ್ ‘ಟೆಕ್ಸ್ಟ್’. ಎಂಟ್ರಿ ಟೇಬಲ್‌ನಲ್ಲಿ ಅದೇ ಕೋಡ್ ‘ಇಂಟಿಜರ್’. ಒಂದು ಕಡೆ ಸಂಖ್ಯೆ, ಇನ್ನೊಂದು ಕಡೆ ಪಠ್ಯ ಇರುವ ಎರಡು ಕಾಲಂ ಹೋಲಿಸುವಾಗ ಎಸ್‌ಕ್ಯೂಲೈಟ್ ಪಠ್ಯವನ್ನು ಸಂಖ್ಯೆಯಾಗಿ ಪರಿವರ್ತಿಸಿಕೊಂಡು ಹೋಲಿಸುತ್ತದೆ. ಐಟಂ ಇಂಡೆಕ್ಸ್ ಪಠ್ಯದ ಕ್ರಮದಲ್ಲಿದೆ. ಸಂಖ್ಯೆಯ ಹೋಲಿಕೆಗೆ ಆ ಕ್ರಮ ಉಪಯೋಗಕ್ಕೆ ಬರುವುದಿಲ್ಲ. ಮಾಮೂಲಿ ಜಾಯಿನ್ ಆಗಿದ್ದರೆ ಪ್ಲ್ಯಾನರ್ ಟೇಬಲ್‌ಗಳನ್ನು ಹಿಂದೆಮುಂದೆ ಮಾಡಿ ಪಾರಾಗಬಹುದಿತ್ತು. ಲೆಫ್ಟ್ ಜಾಯಿನ್‌ನಲ್ಲಿ ಆ ಅವಕಾಶವೂ ಇಲ್ಲ.

ಉತ್ತರ ಸಿಕ್ಕ ಖುಷಿಯಲ್ಲಿ ಎಂಟ್ರಿಯ ಕೋಡನ್ನು ‘ಕ್ಯಾಸ್ಟ್’ ಮಾಡಿ ಪಠ್ಯವಾಗಿಸಿ ನೋಡಿದೆ. ರಿಪೋರ್ಟ್ ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು. ಆದರೆ ಕೆಲವು ಐಟಂಗಳ ಹೆಸರಿನ ಜಾಗ ಖಾಲಿ. ಐಟಂ ಟೇಬಲ್‌ನಲ್ಲಿ ಅವುಗಳ ಕೋಡ್ ‘0457’ ಅಂತ ಸೊನ್ನೆಯಿಂದ ಶುರುವಾಗುತ್ತದೆ. ಎಂಟ್ರಿಯಲ್ಲಿ ಸಂಖ್ಯೆಯಾಗಿ ಸೇರಿದಾಗ ಸೊನ್ನೆ ಬಿದ್ದುಹೋಗಿ 457 ಉಳಿದಿತ್ತು. ಸಂಖ್ಯೆಯಾಗಿ ಹೋಲಿಸಿದರೆ ಎರಡೂ ಒಂದೇ, ಪಠ್ಯವಾಗಿ ಬೇರೆ ಬೇರೆ. ಇನ್ನೂ ಕೆದಕಿದರೆ, ‘0457’ ಮತ್ತು ‘457’ ಎರಡೂ ಇರುವ ಜೋಡಿಗಳು ಸಿಕ್ಕವು. ಅಂಥ ಕಡೆ ಹಳೆಯ ರಿಪೋರ್ಟ್ ಒಂದೇ ಎಂಟ್ರಿಯನ್ನು ಎರಡು ಸಲ ಕೂಡುತ್ತಿತ್ತು. ಎಲ್ಲರೂ ದೂರುತ್ತಿದ್ದದ್ದು ನಿಧಾನದ ಬಗ್ಗೆ. ಒಟ್ಟು ಮೊತ್ತವೇ ತಪ್ಪಿದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಅದನ್ನು ಅವರಿಗೆ ತಿಳಿಸಿದ ಹೊತ್ತು ನನಗೆ ಬಹಳ ಭಾರವಾಗಿತ್ತು.

ಮುಂದಿನದು ಎಸ್‌ಕ್ಯೂಎಲ್ ಕೆಲಸವೇ ಅಲ್ಲ. ಜೋಡಿ ಕೋಡ್ ಇರುವ ಪ್ರತಿ ಎಂಟ್ರಿಗೂ ಮೂಲ ಚೀಟಿ ತೆಗೆಸಿ ಯಾವ ಐಟಂ ಅಂತ ಅವರೇ ಗುರುತು ಹಾಕಬೇಕಾಯಿತು. ಚೀಟಿಗಳನ್ನು ಜೋಪಾನವಾಗಿ ಇಟ್ಟಿದ್ದರು, ಪುಣ್ಯ. ಇಡೀ ಕೆಲಸದಲ್ಲಿ ಹೆಚ್ಚು ಕಾಲ ಕಾದದ್ದು ಇದಕ್ಕೇ. ಪಟ್ಟಿ ಬಂದ ಮೇಲೆ ಎಂಟ್ರಿ ಟೇಬಲನ್ನೇ ಹೊಸದಾಗಿ ಕಟ್ಟಿದೆ. ಎಸ್‌ಕ್ಯೂಲೈಟ್‌ನ ‘ಆಲ್ಟರ್ ಟೇಬಲ್’ನಲ್ಲಿ ಕಾಲಂ ಟೈಪ್ ಬದಲಿಸುವ ಸೌಲಭ್ಯ ಇಲ್ಲ. ಮೊದಲು ಫಾರಿನ್ ಕೀ (ಒಂದು ಟೇಬಲನ್ನು ಇನ್ನೊಂದಕ್ಕೆ ಜೋಡಿಸುವ ಕೊಂಡಿ) ತಪಾಸಣೆಯನ್ನು ಆಫ್ ಮಾಡಬೇಕು. ಟ್ರಾನ್ಸಾಕ್ಷನ್ (ಪೂರ್ತಿ ಆಗಬೇಕು, ಇಲ್ಲವೇ ಏನೂ ಆಗಬಾರದು ಅನ್ನುವ ಕೆಲಸಗಳ ಗುಂಪು) ಶುರುವಾದ ಮೇಲೆ ಆ ಆಜ್ಞೆ ಕೆಲಸ ಮಾಡುವುದಿಲ್ಲ, ಅದನ್ನು ನೆನಪಿಡಿ. ಆಮೇಲೆ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಹೊಸ ಟೇಬಲ್ ಮಾಡಿ, ಡೇಟಾ ತುಂಬಿ, ಹಳೆಯದನ್ನು ಡ್ರಾಪ್ ಮಾಡಿ, ಹೊಸದಕ್ಕೆ ಹಳೆಯ ಹೆಸರು ಕೊಡಬೇಕು. ಹಳೆಯ ಟೇಬಲ್ ಜೊತೆ ಅದರ ಇಂಡೆಕ್ಸ್, ಟ್ರಿಗರ್‌ಗಳೂ ಹೋಗುತ್ತವೆ. ಅವನ್ನು ಮತ್ತೆ ಮಾಡಬೇಕು. ಕೊನೆಗೆ ‘ಫಾರಿನ್_ಕೀ_ಚೆಕ್’ ಓಡಿಸಿ, ಕಮಿಟ್ ಮಾಡಿ (ಬದಲಾವಣೆ ಖಾಯಂ ಮಾಡಿ), ತಪಾಸಣೆ ಆನ್ ಮಾಡಿ.

ಇದಾದ ಮೇಲೆ ಒಂದು ಕ್ವೆರಿ ಮಾತ್ರ ಹಠ ಹಿಡಿದಿತ್ತು. ‘ಬಾಕಿ’ ಮತ್ತು ‘ಮುಗಿದಿದೆ’ ಅಂತ ಎರಡೇ ಬೆಲೆ ಇರುವ ಕಾಲಂನ ಇಂಡೆಕ್ಸ್ ಹಿಡಿದು ಅರ್ಧ ಟೇಬಲ್ ಸುತ್ತುತ್ತಿತ್ತು. ಅಂಕಿಅಂಶ ಇಲ್ಲದಿದ್ದರೆ, ಮಾಮೂಲಿ ಇಂಡೆಕ್ಸ್‌ನಲ್ಲಿ ಸಮ ಅಂತ ಹುಡುಕಿದಾಗ ಸುಮಾರು ಹತ್ತು ಸಾಲು ಸಿಗಬಹುದು ಅಂತ ಪ್ಲ್ಯಾನರ್ ಅಂದಾಜು ಮಾಡುತ್ತದೆ. ಅದಕ್ಕೆ ನಿಜ ತಿಳಿಸುವುದು ‘ಅನಲೈಜ್’. ಓಡಿಸಿದ ಮೇಲೆ ಸರಿಯಾದ ಇಂಡೆಕ್ಸ್ ಆರಿಸಿಕೊಂಡಿತು. ಈಗ ಕನೆಕ್ಷನ್ ಮುಚ್ಚುವಾಗ ‘ಪ್ರಾಗ್ಮಾ ಆಪ್ಟಿಮೈಜ್’ ಓಡುವ ಹಾಗೆ ಇಟ್ಟಿದ್ದೇನೆ. ಬೇಕೆನಿಸಿದ ಟೇಬಲ್‌ಗೆ ಮಾತ್ರ ಅದು ಅನಲೈಜ್ ಮಾಡುತ್ತದೆ.

‘ಎಲ್ಲ ಕಾಲಂಗೂ ಇಂಡೆಕ್ಸ್ ಹಾಕಿಬಿಡಿ’ ಅನ್ನುವ ಸಲಹೆಗೆ ನನ್ನ ವಿರೋಧವಿದೆ. ಇಂಡೆಕ್ಸ್‌ಗೆ ಬೆಲೆ ತೆರಬೇಕು. ಫೈಲ್ ದೊಡ್ಡದಾಗುತ್ತದೆ, ಪ್ರತಿ ಇನ್ಸರ್ಟ್‌ಗೂ ಅಷ್ಟೂ ಇಂಡೆಕ್ಸ್ ಬರೆಯಬೇಕು. ಗೋದಾಮು-ತಾರೀಖು ಇಂಡೆಕ್ಸ್ ಇದ್ದ ಮೇಲೆ ಗೋದಾಮಿಗೆ ಮಾತ್ರ ಇರುವ ಇಂಡೆಕ್ಸ್ ದಂಡ. ಇಂಥವು ಅಲ್ಲಿ ಸಾಕಷ್ಟಿದ್ದವು, ತೆಗೆದು ಹಾಕಿದೆ.

ಇನ್ನು ಲಾಕ್ ಎರರ್. ಎಸ್‌ಕ್ಯೂಲೈಟ್‌ನಲ್ಲಿ ಒಂದು ಹೊತ್ತಿಗೆ ಬರೆಯುವವರು ಒಬ್ಬರೇ. ವಾಲ್ ಮೋಡ್‌ನಲ್ಲಿ (2010ರ 3.7.0ರಲ್ಲಿ ಬಂದದ್ದು) ಬರೆಯುತ್ತಿರುವಾಗಲೂ ಉಳಿದವರು ಓದಬಹುದು, ಅಷ್ಟೇ. ಇನ್ನೊಬ್ಬರು ಬರೆಯುತ್ತಿದ್ದರೆ ಎಷ್ಟು ಹೊತ್ತು ಕಾಯಬೇಕು ಅನ್ನುವುದು ‘ಬ್ಯುಸಿ_ಟೈಮ್‌ಔಟ್’. ಎಸ್‌ಕ್ಯೂಲೈಟ್‌ನಲ್ಲಿ ಅದರ ಮೂಲ ಬೆಲೆ ಸೊನ್ನೆ, ಅಂದರೆ ಕಾಯುವುದೇ ಇಲ್ಲ. ಐದು ಸೆಕೆಂಡ್ ಕೊಟ್ಟೆವು. ಎರರ್ ಬಹಳ ಕಡಿಮೆಯಾಯಿತು, ಆದರೆ ನಿಲ್ಲಲಿಲ್ಲ. ವಿಚಿತ್ರವೆಂದರೆ ಉಳಿದ ಎರರ್‌ಗಳು ಐದು ಸೆಕೆಂಡ್ ಕಾಯದೆ ತಕ್ಷಣವೇ ಬರುತ್ತಿದ್ದವು.

ಅದಕ್ಕೆ ಕಾರಣ ಸುಮ್ನೆ ‘ಬಿಗಿನ್’ ಅಂತ ಶುರುವಾಗುವ ಟ್ರಾನ್ಸಾಕ್ಷನ್. ಅದು ಮೊದಲು ದಾಸ್ತಾನು ಓದುತ್ತದೆ, ಆಮೇಲೆ ಬರೆಯುತ್ತದೆ. ಈ ನಡುವೆ ಇನ್ನೊಂದು ಕನೆಕ್ಷನ್ ಬರೆದು ಕಮಿಟ್ ಮಾಡಿದರೆ, ನಮ್ಮ ಟ್ರಾನ್ಸಾಕ್ಷನ್ ಓದಿದ ಚಿತ್ರ ಹಳೆಯದಾಗಿಬಿಡುತ್ತದೆ. ಹಳೆಯ ಚಿತ್ರದ ಮೇಲೆ ಬರೆಯಲು ಬಿಡುವಂತಿಲ್ಲ. ಎಷ್ಟು ಕಾದರೂ ಅದು ಹೊಸದಾಗುವುದಿಲ್ಲ. ಹಾಗಾಗಿ ಟೈಮ್‌ಔಟ್ ಎಷ್ಟೇ ಇರಲಿ, ಕೂಡಲೇ ಎರರ್. ಬರೆಯುವುದಿದೆ ಅಂತ ಗೊತ್ತಿರುವ ಕಡೆಯೆಲ್ಲ ‘ಬಿಗಿನ್ ಇಮ್ಮಿಡಿಯೆಟ್’ ಹಾಕಿದೆವು. ಅದು ಬರೆಯುವ ಲಾಕನ್ನು ಮೊದಲೇ ಕೇಳುತ್ತದೆ, ಸಿಗುವವರೆಗೆ ಕಾಯುತ್ತದೆ. ಎರರ್ ಅಲ್ಲಿಗೆ ನಿಂತಿತು. ಇನ್ನೊಂದು ಮಾತು: ವಾಲ್ ಮೋಡ್ ಒಮ್ಮೆ ಹಾಕಿದರೆ ಫೈಲಿನಲ್ಲೇ ಉಳಿಯುತ್ತದೆ. ಬ್ಯುಸಿ ಟೈಮ್‌ಔಟ್, ಫಾರಿನ್ ಕೀ ಆನ್ ಮಾಡುವುದು, ಇವನ್ನು ಪ್ರತಿ ಕನೆಕ್ಷನ್‌ಗೂ ಹೊಸದಾಗಿ ಹೇಳಬೇಕು. ನೆಟ್‌ವರ್ಕ್ ಡ್ರೈವ್ ಮೇಲೆ ಫೈಲ್ ಇಟ್ಟು ಹಲವು ಕಂಪ್ಯೂಟರ್‌ಗಳಿಂದ ತೆರೆಯುವುದಕ್ಕೆ ವಾಲ್ ಆಗುವುದೇ ಇಲ್ಲ. ಅದಕ್ಕೆ ಒಂದೇ ಯಂತ್ರದ ಹಂಚಿಕೊಂಡ ಮೆಮೊರಿ ಬೇಕು.

ಬೆಳಗ್ಗೆ ಡೇಟಾ ಆಮದು ಮಾಡುವ ಕೆಲಸ ಕೂಡ ತುಂಬಾ ಹೊತ್ತು ತಿನ್ನುತ್ತಿತ್ತು. ಪ್ರತಿ ಇನ್ಸರ್ಟ್ ತನ್ನದೇ ಟ್ರಾನ್ಸಾಕ್ಷನ್ ಆಗಿ ಹೋಗುತ್ತಿತ್ತು. ಸಾಮಾನ್ಯ ಕಂಪ್ಯೂಟರ್‌ನಲ್ಲಿ ಸೆಕೆಂಡಿಗೆ 50,000ಕ್ಕೂ ಹೆಚ್ಚು ಇನ್ಸರ್ಟ್ ಸಾಧ್ಯ, ಆದರೆ ಟ್ರಾನ್ಸಾಕ್ಷನ್ ಕೆಲವು ಡಜನ್ ಮಾತ್ರ ಅಂತ ಎಸ್‌ಕ್ಯೂಲೈಟ್‌ನ ಅಧಿಕೃತ ಪ್ರಶ್ನೋತ್ತರದಲ್ಲೇ ಇದೆ. ಆ ಲೆಕ್ಕ ತಿರುಗುವ ಹಾರ್ಡ್ ಡಿಸ್ಕಿನದು. ಮೆಮೊರಿ ಕಾರ್ಡಿನಲ್ಲೂ ಪಾಡು ಅದೇ. ಸಾವಿರ ಸಾಲಿಗೊಂದು ಟ್ರಾನ್ಸಾಕ್ಷನ್ ಮಾಡಿದೆವು, ಬೇರೇನೂ ಬೇಕಾಗಲಿಲ್ಲ. ‘ಸಿಂಕ್ರೊನಸ್ (ಬರೆದದ್ದು ಡಿಸ್ಕಿಗೆ ಸೇರುವವರೆಗೆ ಕಾಯುವ ಸೆಟ್ಟಿಂಗ್) ಆಫ್ ಮಾಡಿ’ ಅನ್ನುವವರು ಸಿಗುತ್ತಾರೆ. ಕರೆಂಟ್ ಹೋದರೆ ಡೇಟಾಬೇಸೇ ಕೆಡಬಹುದು, ಬೇಡ. ವಾಲ್ ಮೋಡ್‌ನಲ್ಲಿ ‘ನಾರ್ಮಲ್’ ಇಟ್ಟರೆ ಕೊನೆಯ ಕೆಲವು ಕಮಿಟ್ ಕಳೆದುಹೋಗಬಹುದು, ಫೈಲ್ ಕೆಡುವುದಿಲ್ಲ. ಅದನ್ನು ಬಳಸುವವರಿಗೆ ವಿವರಿಸಿ, ಒಪ್ಪಿಗೆ ಪಡೆದೇ ಹಾಕಿದೆ.

ಹಳೆಯ ಎಂಟ್ರಿ ಅಳಿಸಿದರೂ ಫೈಲ್ ಚಿಕ್ಕದಾಗಲಿಲ್ಲ ಅಂತ ಗಾಬರಿಯಾಗಬೇಡಿ. ಖಾಲಿಯಾದ ಪುಟಗಳು ಒಳಗೇ ಉಳಿದು ಮುಂದಿನ ಡೇಟಾಗೆ ಸಿಗುತ್ತವೆ. ಕುಗ್ಗಿಸಲು ‘ವ್ಯಾಕ್ಯೂಮ್’ ಇದೆ. ಅದಕ್ಕೆ ಫೈಲಿನ ಎರಡರಷ್ಟು ಖಾಲಿ ಜಾಗ ಬೇಕಾಗಬಹುದು. ಪುಟ್ಟ ಕಾರ್ಡಿನಲ್ಲಿ ಅಷ್ಟು ಇರಲಿಲ್ಲ, ಇನ್ನೊಂದು ಡಿಸ್ಕಿಗೆ ‘ವ್ಯಾಕ್ಯೂಮ್ ಇನ್‌ಟು’ ಮಾಡಿ ತಂದೆವು.

ಕೊನೆಯದು ಐಟಂ ಹೆಸರಿನ ಹುಡುಕಾಟ. ಹೆಸರುಗಳು ಕನ್ನಡದಲ್ಲಿವೆ. ಪದದ ಎರಡೂ ಕಡೆ ಶೇಕಡಾ ಚಿಹ್ನೆ ಹಾಕಿದ ‘ಲೈಕ್’ಗೆ ಮಾಮೂಲಿ ಇಂಡೆಕ್ಸ್ ನೆರವಾಗದು. ಅದಕ್ಕೆ ಎಫ್‌ಟಿಎಸ್5 (ಎಸ್‌ಕ್ಯೂಲೈಟ್‌ನ ಪಠ್ಯ ಹುಡುಕುವ ಸೌಲಭ್ಯ) ಹಾಕಿದರೆ ವೇಗ ಬಂತು, ಆದರೆ ‘ಕಲೆ’ ಹುಡುಕಿದರೆ ‘ಕಲ್ಲು’ ಕೂಡ ಬರುತ್ತಿತ್ತು! ಅದರ ‘ಯೂನಿಕೋಡ್61’ ಟೋಕನೈಸರ್ (ಪಠ್ಯವನ್ನು ಪದಗಳಾಗಿ ಒಡೆಯುವ ಭಾಗ) ಅಕ್ಷರ ಮತ್ತು ಅಂಕಿಗಳನ್ನು ಮಾತ್ರ ಪದದ ಭಾಗ ಅಂತ ಎಣಿಸುತ್ತದೆ. ನಮ್ಮ ಸ್ವರಚಿಹ್ನೆ, ಒತ್ತಿಗೆ ಬಳಸುವ ಹಲಂತ ಚಿಹ್ನೆ (್), ಇವು ಯೂನಿಕೋಡ್‌ನಲ್ಲಿ ಬೇರೆ ವರ್ಗದಲ್ಲಿವೆ. ಅವು ಬಂದಲ್ಲೆಲ್ಲ ಪದ ತುಂಡಾಗುತ್ತದೆ. ‘ಕಲೆ’ ಹೋಗಿ ‘ಕಲ’ ಆಗುತ್ತದೆ, ‘ಕಲ್ಲು’ ಹೋಗಿ ‘ಕಲ’ ಮತ್ತು ‘ಲ’ ಆಗುತ್ತದೆ. ಟೇಬಲ್ ಮಾಡುವಾಗ ಟೋಕನೈಸರ್‌ನ ‘ಕೆಟಗರೀಸ್’ ಆಯ್ಕೆಯಲ್ಲಿ ಮೊದಲೇ ಇರುವ ವರ್ಗಗಳ ಜೊತೆ ‘ಎಂಎನ್’, ‘ಎಂಸಿ’ (ಈ ಚಿಹ್ನೆಗಳ ವರ್ಗಗಳು) ಎರಡನ್ನೂ ಸೇರಿಸಿದರೆ ಪದ ಇಡಿಯಾಗಿ ಉಳಿಯುತ್ತದೆ. ಇರುವ ಎಫ್‌ಟಿಎಸ್ ಟೇಬಲ್‌ನಲ್ಲಿ ಇದನ್ನು ಬದಲಿಸಲು ಬರುವುದಿಲ್ಲ. ಅದನ್ನು ತೆಗೆದು, ಹೊಸದು ಮಾಡಿ, ಹೆಸರುಗಳನ್ನು ಮತ್ತೆ ತುಂಬಬೇಕು. ವಿಭಕ್ತಿ ಸೇರಿದ ರೂಪಗಳೂ ಸಿಗಬೇಕಾದರೆ ಹುಡುಕುವ ಪದದ ಕೊನೆಗೆ ನಕ್ಷತ್ರ ಚಿಹ್ನೆ ಹಾಕಿ.